ಫಾರೆಸ್ಟೋ, ಹಿಡುವಳಿಯೋ?



ಮಲೆನಾಡಿನ ಕಾಲೇಜೊಂದರಲ್ಲಿ ನಾನು ಬಹಳ ವರ್ಷ ಇಂಗ್ಲಿಷ್ ಪಾಠ ಹೇಳಿದವನು. ಹೊರಗೆ ಆಷಾಢದ ಮಳೆ ಹಂಚಿನ ಮೇಲೆ ಬಾರಿಸುತ್ತಿರುವಾಗ, ಹಿಮವನ್ನು ಕಣ್ಣಾರೆ ಕಾಣದ ಮಕ್ಕಳಿಗೆ, ನಾನೂ ಕಾಣದವನೇ, ಹಿಮದ ಪದ್ಯವೊಂದನ್ನು ಬಿಡಿಸಿ ಹೇಳಬೇಕಾಗುತ್ತಿತ್ತು. ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್ ಬರೆದದ್ದು. ನಿಮ್ಮಲ್ಲಿ ಎಷ್ಟೋ ಜನರ ಪಠ್ಯದಲ್ಲೂ ಅದು ಇದ್ದಿರಬಹುದು. ಹಿಮ ಬೀಳುವ ಸಂಜೆ, ಕುದುರೆಗಾಡಿಯಲ್ಲಿ ಹೋಗುತ್ತಿದ್ದವನೊಬ್ಬ ಕಾಡಿನ ಪಕ್ಕ ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ನೋಡುತ್ತಾನೆ, ಮುಗಿಸಬೇಕಾದ ಕೆಲಸ ನೆನಪಾಗಿ ಹೊರಡುತ್ತಾನೆ. ಅಷ್ಟೇ ಕಥೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು ಕೇಳಿದ: "ಸಾರ್, ಆ ಕಾಡು ಫಾರೆಸ್ಟೋ, ಹಿಡುವಳಿಯೋ?"

ತರಗತಿ ಗೊಳ್ಳೆಂದಿತು. ನಾನೂ ನಕ್ಕು ಅವನನ್ನು ಕೂರಿಸಿದೆ. ನಗಬಾರದಿತ್ತು ಎಂದು ನನಗೆ ತಿಳಿಯುವಷ್ಟರಲ್ಲಿ ನಿವೃತ್ತಿಯ ವಯಸ್ಸು ಬಂದಿತ್ತು.

ಆ ಪದ್ಯದ ಕೊನೆಯ ಸಾಲುಗಳು ಎಲ್ಲರಿಗೂ ಗೊತ್ತು. 1964ರಲ್ಲಿ ಜವಾಹರಲಾಲ್ ನೆಹರೂ ತೀರಿಕೊಂಡಾಗ, ಆ ಸಾಲುಗಳನ್ನು ಅವರೇ ಕೈಯಾರೆ ಬರೆದಿಟ್ಟುಕೊಂಡಿದ್ದ ಹಾಳೆ ಅವರ ಮೇಜಿನ ಮೇಲಿತ್ತು ಎಂಬುದನ್ನೂ ಓದಿರುತ್ತೀರಿ. ಆದರೆ ಪದ್ಯ ಶುರುವಾಗುವುದು ಎಲ್ಲಿಂದ? ಮರದಿಂದಲ್ಲ, ಹಿಮದಿಂದಲೂ ಅಲ್ಲ. ಈ ಕಾಡಿನ ಒಡೆಯ ಯಾರು ಎಂಬ ಲೆಕ್ಕದಿಂದ. ಒಡೆಯ ಊರೊಳಗೆ ಮನೆ ಮಾಡಿಕೊಂಡಿದ್ದಾನೆ, ನಾನಿಲ್ಲಿ ನಿಂತಿರುವುದು ಅವನಿಗೆ ಕಾಣುವುದಿಲ್ಲ ಎಂಬ ಸಮಾಧಾನದಿಂದ. 1922ರ ಜೂನ್ ತಿಂಗಳಲ್ಲಿ, ರಾತ್ರಿಯಿಡೀ ಬೇರೊಂದು ದೀರ್ಘ ಕವಿತೆ ಬರೆದು, ಬೆಳಗಾಗುವ ಹೊತ್ತಿಗೆ ಫ್ರಾಸ್ಟ್ ಇದನ್ನು ಬರೆದ. ಕಿಟಕಿಯಾಚೆ ಬೇಸಿಗೆ, ಕಾಗದದ ಮೇಲೆ ಚಳಿಗಾಲ. ಹಿಮ ಕಲ್ಪನೆಯದು, ಕುದುರೆ ಕಲ್ಪನೆಯದು. ಆ ಕಲ್ಪನೆಯೊಳಗೂ ಕಾಡಿಗೊಬ್ಬ ಯಜಮಾನ ಬೇಕಾಯಿತು ನೋಡಿ. ಪಶ್ಚಿಮದ ಸಾಹಿತ್ಯದಲ್ಲಿ ಕಾಡು ಬಂದಲ್ಲೆಲ್ಲ ಅವನು ಮರದ ಮರೆಯಲ್ಲಿ ಎಲ್ಲೋ ನಿಂತಿರುತ್ತಾನೆ ಎಂದು ನನಗೆ ತೋರುತ್ತದೆ. ಈ ಹೊತ್ತು ಅವನನ್ನು ಹುಡುಕಿಕೊಂಡು ಹೋಗೋಣ.

ಮೊದಲು ಶಬ್ದ. 'ಫಾರೆಸ್ಟ್' ಎಂಬ ಇಂಗ್ಲಿಷ್ ಮಾತಿನ ಬೇರು ಲ್ಯಾಟಿನ್ನಿನ 'ಫೋರಿಸ್' ಎಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಫೋರಿಸ್ ಎಂದರೆ ಹೊರಗೆ. ಲ್ಯಾಟಿನ್ನಿನಲ್ಲಿ ಕಾಡಿಗೆ 'ಸಿಲ್ವ' ಎಂಬ ಚೆಂದದ ಹೆಸರು ಮೊದಲೇ ಇತ್ತು. ಆದರೂ ಏಳನೆಯ ಶತಮಾನದ ಹೊತ್ತಿಗೆ ಫ್ರಾಂಕ್ ದೊರೆಗಳ ದಾನಪತ್ರಗಳಲ್ಲಿ 'ಫೋರೆಸ್ಟಿಸ್' ಎಂಬ ಹೊಸ ಮಾತು ಕಾಣಿಸಿಕೊಳ್ಳುತ್ತದೆ. ಅದರ ಅರ್ಥ ಮರಗಿಡಗಳ ಗುಂಪಲ್ಲ. ಊರಿನ ಸಾಮಾನ್ಯ ಕಟ್ಟಳೆಯ ಹೊರಗೆ ಇಟ್ಟ ಜಾಗ, ದೊರೆ ತನ್ನ ಬೇಟೆಗೆಂದು ಕಾಯ್ದಿರಿಸಿಕೊಂಡ ಜಾಗ. ಅದರೊಳಗೆ ಹುಲ್ಲುಬಯಲಿರಬಹುದು, ಜೌಗಿರಬಹುದು, ಹಳ್ಳಿಗಳೂ ಇರಬಹುದು. ಮರ ಇರಲೇಬೇಕೆಂದಿಲ್ಲ. ಹುಟ್ಟಿದ್ದೇ ಕಾನೂನಿನ ಮಾತಾಗಿ.

1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ವಿಲಿಯಂ ಈ ಮಾತನ್ನೂ ಅದರ ಜೊತೆಗಿನ ಕಾನೂನನ್ನೂ ಕಡಲು ದಾಟಿಸಿ ತಂದ. ದಕ್ಷಿಣದಲ್ಲಿ ದೊಡ್ಡ ಪ್ರದೇಶವೊಂದನ್ನು ಬೇಟೆಗೆ ಬೇಲಿ ಕಟ್ಟಿದಂತೆ ತೆಗೆದಿಟ್ಟ. ಒಂಬೈನೂರು ವರ್ಷ ಹಳೆಯದಾದರೂ ಅದಕ್ಕೆ ಇವತ್ತಿಗೂ 'ಹೊಸ ಫಾರೆಸ್ಟ್' ಎಂದೇ ಹೆಸರು. ಅವನ ಮಗ, ಎರಡನೆಯ ವಿಲಿಯಂ, 1100ರಲ್ಲಿ ಅದೇ ಕಾಡಿನಲ್ಲಿ ಬೇಟೆಯಾಡುವಾಗ ಜೊತೆಯವನ ಬಾಣ ತಾಗಿ ಸತ್ತ. ಈ ಕಾನೂನಿನ ಕ್ರೌರ್ಯ ಹೇಗಿತ್ತೆಂದರೆ, ದೊರೆಯ ಜಿಂಕೆ ಕೊಂದವನ ಕಣ್ಣೋ ಕೈಯೋ ಹೋಗಬಹುದಿತ್ತು, ಜೀವವೂ ಹೋಗಬಹುದಿತ್ತು. ಫಾರೆಸ್ಟಿನ ಮೇರೆಯೊಳಗಿನ ಹಳ್ಳಿಗರು ನಾಯಿ ಸಾಕಿದರೆ ಅದು ಜಿಂಕೆ ಅಟ್ಟದಂತೆ ಮುಂಗಾಲಿನ ಮೂರು ಉಗುರು ಕತ್ತರಿಸಬೇಕಿತ್ತು. ನಾಯಿಯ ಉಗುರಿಗೂ ತನಿಖೆ!

ಮ್ಯಾಗ್ನಾ ಕಾರ್ಟಾ ಎಲ್ಲರಿಗೂ ಗೊತ್ತು. ಅದಾದ ಎರಡು ವರ್ಷಕ್ಕೆ, 1217ರಲ್ಲಿ, ಹತ್ತು ವರ್ಷದ ಬಾಲರಾಜ ಮೂರನೆಯ ಹೆನ್ರಿಯ ಹೆಸರಿನಲ್ಲಿ 'ಫಾರೆಸ್ಟ್ ಸನ್ನದು' ಎಂಬ ಇನ್ನೊಂದು ಪತ್ರ ಹೊರಟಿತು. ಅದರ ಹೆಸರು ಹೇಳುವವರು ಕಡಿಮೆ. ಜಿಂಕೆಗಾಗಿ ಇನ್ನು ಯಾರ ಪ್ರಾಣವನ್ನೂ ಅಂಗವನ್ನೂ ತೆಗೆಯುವಂತಿಲ್ಲ, ಸ್ವತಂತ್ರ ಪ್ರಜೆ ಕಾಡಿನಲ್ಲಿ ತನ್ನ ಹಂದಿ ಮೇಯಿಸಬಹುದು ಎಂದು ಅದು ಬರೆದುಕೊಟ್ಟಿತು. ಬಡವನ ಅಡುಗೆಮನೆಗೆ ಮ್ಯಾಗ್ನಾ ಕಾರ್ಟಾಗಿಂತ ಹತ್ತಿರದ ಪತ್ರ ಇದು. ಇಂಗ್ಲೆಂಡಿನ ಕಾನೂನು ಪುಸ್ತಕದಿಂದ ಅದನ್ನು ತೆಗೆದುಹಾಕಿದ್ದು 1971ರಲ್ಲಿ.

ರಾಬಿನ್ ಹುಡ್ ಹುಟ್ಟಿದ್ದು ಈ ಕಾನೂನಿನ ಹೊಟ್ಟೆಯಿಂದ. ಅವನು ಐತಿಹಾಸಿಕ ವ್ಯಕ್ತಿಯೇ ಎಂಬ ಜಗಳ ನಮಗೆ ಬೇಡ. ಅವನ ಹಾಡುಗಳ ಮೊದಲ ಸುಳಿವು ಸಿಗುವುದು ಹದಿನಾಲ್ಕನೆಯ ಶತಮಾನದ 'ಪಿಯರ್ಸ್ ಪ್ಲೌಮನ್' ಕಾವ್ಯದಲ್ಲಿ. ಅಲ್ಲಿ ಸೋಮಾರಿ ಪಾದ್ರಿಯೊಬ್ಬ ತನಗೆ ದೇವರ ಪ್ರಾರ್ಥನೆ ಸರಿಯಾಗಿ ಬಾರದು, ರಾಬಿನ್ ಹುಡ್ ಪದಗಳು ಮಾತ್ರ ಬರುತ್ತವೆ ಎಂದು ಒಪ್ಪಿಕೊಳ್ಳುತ್ತಾನೆ. ಹಳೆಯ ಲಾವಣಿಗಳಲ್ಲಿ ಅವನ ನೆಲೆ ಯಾರ್ಕ್‌ಷೈರಿನ ಬಾರ್ನ್ಸ್‌ಡೇಲ್ ಕೂಡ ಹೌದು. ಶೆರ್ವುಡ್ ಗಟ್ಟಿಯಾಗಿ ನಿಂತದ್ದು ಆಮೇಲೆ. ಶೆರ್ವುಡ್ ಎಂದೊಡನೆ ದಿನಗಟ್ಟಲೆ ನಡೆದರೂ ಮುಗಿಯದ ಹಸಿರು ಕತ್ತಲೆ ನಮ್ಮ ಕಣ್ಣಿಗೆ ಬರುತ್ತದೆ. ನಿಜವೇ ಬೇರೆ. 1086ರಲ್ಲಿ ವಿಲಿಯಂ ಮಾಡಿಸಿದ ಡೂಮ್ಸ್‌ಡೇ ಭೂದಾಖಲೆಯನ್ನು ಇಟ್ಟುಕೊಂಡು ಸಸ್ಯ ಇತಿಹಾಸಕಾರ ಆಲಿವರ್ ರಾಕಮ್ ಲೆಕ್ಕ ಹಾಕಿದ್ದಾರೆ: ಆಗಲೇ ಇಂಗ್ಲೆಂಡಿನ ನೆಲದಲ್ಲಿ ಮರಗಾಡು ಇದ್ದದ್ದು ನೂರಕ್ಕೆ ಸುಮಾರು 15 ಪಾಲು. ರಾಬಿನ್ ಹುಡ್‌ನ ಹಾಡು ಹುಟ್ಟುವ ಮೊದಲೇ ಕಾಡು ಕರಗಿತ್ತು. ನೆಲದ ಮೇಲೆ ಕಡಿಮೆಯಾದಷ್ಟೂ ಹಾಡಿನಲ್ಲಿ ದಟ್ಟವಾಯಿತು.

ಶೇಕ್ಸ್‌ಪಿಯರ್‌ಗೆ ಇದು ಚೆನ್ನಾಗಿ ಗೊತ್ತಿತ್ತು ಎಂದು ನನ್ನ ಅನುಮಾನ. ಅವನ 'ಆ್ಯಸ್ ಯು ಲೈಕ್ ಇಟ್' ನಾಟಕದ ಆರ್ಡೆನ್ ಕಾಡನ್ನು ಎಲ್ಲರೂ ಕನಸಿನ ಲೋಕ ಎಂದು ಹೊಗಳುತ್ತಾರೆ. ರಾಜ್ಯ ಕಳೆದುಕೊಂಡ ದೊರೆ ಅಲ್ಲಿ ರಾಬಿನ್ ಹುಡ್‌ನ ಹಾಗೆ ಬದುಕಿದ್ದಾನಂತೆ ಎಂದು ಮೊದಲ ಅಂಕದಲ್ಲೇ ಸುದ್ದಿ. ಸರಿ, ವೇಷ ಹಾಕಿಕೊಂಡ ಇಬ್ಬರು ಹೆಣ್ಣುಮಕ್ಕಳು, ರೋಸಲಿಂಡ್ ಮತ್ತು ಸೀಲಿಯಾ, ಹಸಿದು ಬಳಲಿ ಆ ಕನಸಿನ ಲೋಕಕ್ಕೆ ಬಂದು ಮುಟ್ಟಿದಾಗ ಏನಾಗುತ್ತದೆ? ಒಬ್ಬ ಮುದಿ ಕುರಿಗಾಹಿ ಸಿಗುತ್ತಾನೆ. ಕುರಿ ನನ್ನದಲ್ಲ, ಯಜಮಾನನದು, ಅವನು ಜಿಪುಣ, ಮನೆ ಕುರಿ ಹುಲ್ಲುಗಾವಲು ಎಲ್ಲ ಮಾರಾಟಕ್ಕಿದೆ ಎನ್ನುತ್ತಾನೆ. ಆ ಹುಡುಗಿಯರು ನಿಂತ ನಿಲುವಿನಲ್ಲೇ ಕೊಂಡುಕೊಳ್ಳುತ್ತಾರೆ. ಕನಸಿನ ಕಾಡಿನಲ್ಲಿ ಅವರ ಮೊದಲ ದೃಶ್ಯವೇ ಆಸ್ತಿ ವ್ಯವಹಾರ! ಅದೇ ಕಾಡಿನಲ್ಲಿ ಜಾಕ್ವಿಸ್ ಎಂಬ ಸಪ್ಪೆಮೋರೆಯವನು ಬಾಣ ತಾಗಿದ ಜಿಂಕೆ ಕಂಡು ಮರುಗುತ್ತಾನೆ. ಇಲ್ಲಿನ ನಿಜವಾದ ಪ್ರಜೆಗಳು ಜಿಂಕೆಗಳು, ರಾಜ್ಯ ಕಳೆದುಕೊಂಡೆವೆಂದು ಗೋಳಾಡುವ ನಾವು ಅವುಗಳ ರಾಜ್ಯ ಕಸಿದಿದ್ದೇವೆ ಎಂಬ ಅರ್ಥದ ಮಾತು ಅವನದು. ನಾಟಕ ನಗುತ್ತ ಮುಂದೆ ಹೋಗುತ್ತದೆ, ಆ ಮಾತು ಅಲ್ಲೇ ಉಳಿಯುತ್ತದೆ.

'ಮ್ಯಾಕ್‌ಬೆತ್' ನಾಟಕದ ಬರ್ನಮ್ ಕಾಡು ನಡೆದು ಬರುತ್ತದೆ ಎಂಬ ಭವಿಷ್ಯವಾಣಿ ನಿಮಗೆ ಗೊತ್ತು. ಕೊನೆಗೆ ನೋಡಿದರೆ ಸೈನಿಕರು ಕೊಂಬೆ ಹಿಡಿದು ಬಂದದ್ದು. ಹುಡುಗನಾಗಿದ್ದಾಗ ಇದರಿಂದ ನನಗೆ ಮೋಸವಾದಂತೆ ಅನಿಸಿತು ಎಂದು ಟಾಲ್ಕಿನ್ ಬರೆದುಕೊಂಡಿದ್ದಾರೆ. ನಿಜವಾಗಿ ಮರಗಳೇ ಯುದ್ಧಕ್ಕೆ ಹೊರಡುವ ಕಥೆಯನ್ನು 'ಲಾರ್ಡ್ ಆಫ್ ದ ರಿಂಗ್ಸ್'ನಲ್ಲಿ ಅವರು ಬರೆದು ಸೇಡು ತೀರಿಸಿಕೊಂಡರು.

ಇಟಲಿಗೆ ಹೋಗೋಣ. ದಾಂತೆಯ 'ಡಿವೈನ್ ಕಾಮಿಡಿ' ಶುರುವಾಗುವುದು ಕತ್ತಲ ಕಾಡಿನಲ್ಲಿ. ಮೂವತ್ತೈದರ ಹರೆಯದ ಮನುಷ್ಯ ದಾರಿ ತಪ್ಪಿದ್ದಾನೆ. ಯೂರೋಪಿನ ಸಾಹಿತ್ಯದಲ್ಲಿ ಇದಕ್ಕಿಂತ ಹೆಸರಾದ ಕಾಡಿಲ್ಲ. ಆದರೆ ಆ ಭಾಗವನ್ನು ಮತ್ತೆ ಓದಿ ನೋಡಿ, ಅಲ್ಲಿ ಒಂದು ಮರದ ಹೆಸರಿಲ್ಲ, ಒಂದು ಎಲೆಯ ವರ್ಣನೆ ಇಲ್ಲ. ಭಯ ಮಾತ್ರ ಇದೆ. ಈ ಕಾವ್ಯ ಬರೆಯುವಾಗ ದಾಂತೆ ಊರು ಬಿಟ್ಟವನು, ಬಿಡಿಸಲ್ಪಟ್ಟವನು. 1302ರಲ್ಲಿ ಫ್ಲಾರೆನ್ಸ್ ನಗರ ಅವನನ್ನು ಗಡೀಪಾರು ಮಾಡಿ, ಮರಳಿ ಬಂದರೆ ಸುಡುತ್ತೇವೆ ಎಂದು ತೀರ್ಪು ಕೊಟ್ಟಿತ್ತು. 'ಹೊರಗೆ' ಎಂಬ ಮಾತಿನ ಅರ್ಥ ಅವನಿಗೆ ನಿಘಂಟು ನೋಡದೆ ಗೊತ್ತಿತ್ತು. ನರಕದೊಳಗೆ ಇನ್ನೊಂದು ಕಾಡಿದೆ. ಆತ್ಮಹತ್ಯೆ ಮಾಡಿಕೊಂಡವರು ಅಲ್ಲಿ ಮುಳ್ಳುಗಿಡಗಳಾಗಿದ್ದಾರೆ. ದಾಂತೆ ತಿಳಿಯದೆ ಒಂದು ಕಡ್ಡಿ ಮುರಿದರೆ ಅದರಿಂದ ರಕ್ತವೂ ಮಾತೂ ಒಟ್ಟಿಗೆ ಹರಿಯುತ್ತವೆ. ಮಾತಾಡುವವನು ಚಕ್ರವರ್ತಿಯ ಮಂತ್ರಿಯಾಗಿದ್ದ ಪಿಯೆರ್ ದೆಲ್ಲಾ ವಿನ್ಯಾ.

ಬಹುಪಾಲು ಓದುಗರು ಅಲ್ಲಿಗೇ ನಿಲ್ಲುತ್ತಾರೆ, ನರಕದಿಂದಾಚೆ ಓದುವುದಿಲ್ಲ. ಎರಡನೆಯ ಭಾಗದ ಕೊನೆಯಲ್ಲಿ, ಬೆಟ್ಟದ ನೆತ್ತಿಯಲ್ಲಿ, ಮೂರನೆಯ ಕಾಡು ಬರುತ್ತದೆ. ಅದೇ ದಾಂತೆ, ಕಾಡಿಗೆ ಅದೇ 'ಸೆಲ್ವಾ' ಎಂಬ ಹೆಸರು. ಈಗ ಅಲ್ಲಿ ಗಾಳಿ ಬೀಸುತ್ತದೆ, ಎಲೆ ಅಲುಗುತ್ತವೆ, ಹಕ್ಕಿ ಕೂಗುತ್ತವೆ, ತೊರೆ ಹರಿಯುತ್ತದೆ. ಆ ಸದ್ದು ರವೆನ್ನಾ ಊರಿನ ಬಳಿಯ ಕಡಲಂಚಿನ ಪೈನ್ ತೋಪಿನ ಸದ್ದಿನಂತಿತ್ತು ಎಂದು ಹೆಸರಿಟ್ಟು ಹೇಳುತ್ತಾನೆ. ರವೆನ್ನಾ ಅವನಿಗೆ ಕೊನೆಗಾಲದಲ್ಲಿ ಆಶ್ರಯ ಕೊಟ್ಟ ಊರು. 1321ರಲ್ಲಿ ಅವನು ಸತ್ತದ್ದೂ ಅಲ್ಲೇ. ಮೊದಲ ಕಾಡಿನಲ್ಲಿ ಕಣ್ಣು ಕಟ್ಟಿತ್ತು, ಮೂರನೆಯ ಕಾಡಿನಲ್ಲಿ ಮರ ಕಾಣಿಸಿತು. ನನ್ನ ಮಟ್ಟಿಗೆ ಪಶ್ಚಿಮದ ಸಾಹಿತ್ಯದಲ್ಲಿ ಇದು ಅತ್ಯಂತ ದೊಡ್ಡ ಕಾಡು. ಒಡೆಯನನ್ನು ಹುಡುಕಿದರೆ ಇಲ್ಲಿ ಸಿಗುವವನು ದೇವರು, ಅವನು ದಂಡ ಹಾಕುವುದಿಲ್ಲ.

ಈ 'ಸೆಲ್ವಾ'ದ ಮೂಲವಾದ ಲ್ಯಾಟಿನ್ 'ಸಿಲ್ವ'ದಿಂದಲೇ 'ಸಿಲ್ವಾಟಿಕಸ್', ಅದರಿಂದ ಫ್ರೆಂಚರ 'ಸೋವಾಜ್', ಅದರಿಂದ ಇಂಗ್ಲಿಷಿನ 'ಸ್ಯಾವೇಜ್'. ಕಾಡಿನವನು ಎಂದರೆ ಅನಾಗರಿಕ. ನಮ್ಮಲ್ಲೂ 'ಕಾಡುಮನುಷ್ಯ' ಎಂದು ಬೈಯುತ್ತೇವೆ, ಒಪ್ಪಿದೆ. ಆದರೆ ಕನ್ನಡದಲ್ಲಿ 'ಕಾಡು' ಎಂಬುದು ನಾಮಪದವೂ ಹೌದು, ಕ್ರಿಯಾಪದವೂ ಹೌದು: ನೆನಪು ಕಾಡುತ್ತದೆ, ಮಗು ಕಾಡುತ್ತದೆ. ವ್ಯಾಕರಣದವರು ಎರಡಕ್ಕೂ ಸಂಬಂಧವಿಲ್ಲ ಎಂದಾರು. ಇರಲಿ, ಕಿವಿಗೆ ಇದೆ.

ಈ 'ಸ್ಯಾವೇಜ್' ಎಂಬ ಮಾತನ್ನು ಗಂಟು ಕಟ್ಟಿಕೊಂಡು ಅಮೆರಿಕಕ್ಕೆ ಹಡಗು ಹತ್ತಿದವರು ಪ್ಯೂರಿಟನ್ನರು. ಅಲ್ಲಿನ ಕಾಡು ಅವರ ಪಾಲಿಗೆ ಸೈತಾನನ ಸೀಮೆ. ಹಾಥಾರ್ನ್ 1850ರಲ್ಲಿ ಪ್ರಕಟಿಸಿದ 'ದ ಸ್ಕಾರ್ಲೆಟ್ ಲೆಟರ್' ಕಾದಂಬರಿಯ ಹೆಸ್ಟರ್, ಊರಿನವರು ಎದೆಯ ಮೇಲೆ ಹಚ್ಚಿದ ವ್ಯಭಿಚಾರದ ಕೆಂಪು ಅಕ್ಷರವನ್ನು ಕಿತ್ತೆಸೆಯುವುದು, ಟೋಪಿ ತೆಗೆದು ತಲೆಗೂದಲು ಬಿಚ್ಚುವುದು ಕಾಡಿನಲ್ಲಿ. ಆಗ ಮರಗಳ ನಡುವೆ ಬಿಸಿಲು ಸುರಿಯುತ್ತದೆ. ಆದರೆ ಅವಳ ಮಗಳೇ ಅವಳನ್ನು ಗುರುತಿಸದವಳಂತೆ ದೂರ ನಿಲ್ಲುತ್ತಾಳೆ. ಅಕ್ಷರವನ್ನು ಮತ್ತೆ ಎದೆಗೆ ಹಚ್ಚಿಕೊಂಡ ಮೇಲೇ ಮಗು ಹತ್ತಿರ ಬರುತ್ತದೆ. ಊರಿನ ಕಟ್ಟಳೆ ಕಾಡಿನೊಳಗೂ ಮಗುವಿನ ಕಣ್ಣಾಗಿ ಬಂದು ನಿಂತಿದೆ.

ಅಮೆರಿಕದ್ದೇ ಲೇಖಕ ಥೋರೋನ ಬಗ್ಗೆ ಒಂದು ಕಥೆ ಹೇಳಲೇಬೇಕು. 1845ರ ಜುಲೈ 4ರಂದು ವಾಲ್ಡನ್ ಕೊಳದ ದಂಡೆಯ ಗುಡಿಸಲಿಗೆ ಹೋಗಿ ಎರಡು ವರ್ಷ ಎರಡು ತಿಂಗಳು ಎರಡು ದಿನ ಇದ್ದ ಈ ಮಹಾನುಭಾವ, ಅದರ ಹಿಂದಿನ ವರ್ಷ ಏಪ್ರಿಲ್ ಕೊನೆಯಲ್ಲಿ ಗೆಳೆಯನೊಡನೆ ಮೀನು ಬೇಯಿಸಲು ಒಲೆ ಹಚ್ಚಿ, ಒಣಹುಲ್ಲಿಗೆ ಕಿಡಿ ತಾಗಿ, ಕಾನ್‌ಕಾರ್ಡ್ ಊರಿನ ಸುಮಾರು 300 ಎಕರೆ ಕಾಡು ಸುಟ್ಟಿದ್ದ. ಊರವರನ್ನು ಕರೆದು ಬಂದು, ಆಮೇಲೆ ಬಂಡೆ ಹತ್ತಿ ಕೂತು ಬೆಂಕಿಯ ಸೊಗಸು ನೋಡಿದ. ಕಾಡು ಸುಟ್ಟವ ಎಂದು ಊರಿನಲ್ಲಿ ಬಹಳ ಕಾಲ ಅವನ ಬೆನ್ನ ಹಿಂದೆ ಮಾತಿತ್ತು. ಅವನ ಗುಡಿಸಲಿದ್ದ ಜಾಗವೂ ಅವನದಲ್ಲ, ಗೆಳೆಯ ಎಮರ್ಸನ್‌ನದು. ಇದನ್ನು ಹೇಳಿ ನಾನು ಥೋರೋನನ್ನು ಸಣ್ಣವನು ಮಾಡುತ್ತಿಲ್ಲ. ಅವನ ಕಾಲಕ್ಕೆ ಆ ಸೀಮೆಯ ಬಹುಪಾಲು ಮರ ಕಡಿದು ಹೊಲವಾಗಿತ್ತು. ಇವತ್ತು ಅಲ್ಲಿ ಅವನು ಕಂಡದ್ದಕ್ಕಿಂತ ಹೆಚ್ಚು ಕಾಡಿದೆ.

ಇನ್ನು ಜರ್ಮನಿ. ಕಾಡೆಂದರೆ ಅವರಿಗೆ ಹಿಡಿದ ಹುಚ್ಚು ಬೇರೆ ಯಾರಿಗೂ ಹಿಡಿದಿಲ್ಲ. ಕ್ರಿ.ಶ. 9ರಲ್ಲಿ ಟ್ಯೂಟೋಬರ್ಗ್ ಕಾಡಿನಲ್ಲಿ ರೋಮಿನ ಮೂರು ಪಡೆಗಳು ಜರ್ಮನ್ ಬುಡಕಟ್ಟಿನ ನಾಯಕ ಅರ್ಮಿನಿಯಸ್‌ನ ಕೈಯಲ್ಲಿ ನುಚ್ಚುನೂರಾದವು. ಆಮೇಲೆ ರೋಮಿನ ಟ್ಯಾಸಿಟಸ್ ಬರೆದ 'ಜರ್ಮಾನಿಯಾ'ದಲ್ಲಿ ದೇವರ ಕಾಡೊಂದರ ವಿಷಯ ಬರುತ್ತದೆ: ಕೈಕಟ್ಟಿಸಿಕೊಳ್ಳದೆ ಯಾರೂ ಒಳಗೆ ಹೋಗುವಂತಿಲ್ಲ, ಎಡವಿ ಬಿದ್ದರೆ ಏಳುವಂತಿಲ್ಲ, ಉರುಳಿಕೊಂಡೇ ಹೊರಬರಬೇಕು. ನಮ್ಮ ದೇವರಕಾಡುಗಳನ್ನು ಬಲ್ಲವರಿಗೆ ಇದೇನೂ ಅಚ್ಚರಿಯಲ್ಲ. ನೆಪೋಲಿಯನ್ ಬಂದು ಜರ್ಮನ್ ಸೀಮೆಗಳನ್ನು ಆಕ್ರಮಿಸಿದಾಗ ಈ ಹಳೆಯ ಕಥೆಗಳೆಲ್ಲ ಎದ್ದು ಕುಳಿತವು. 1814ರಲ್ಲಿ ಕಾಸ್ಪರ್ ಡೇವಿಡ್ ಫ್ರೀಡ್ರಿಕ್ ಒಂದು ಚಿತ್ರ ಬರೆದ. ಒಂಟಿ ಫ್ರೆಂಚ್ ಸಿಪಾಯಿ ನಮಗೆ ಬೆನ್ನು ಹಾಕಿ, ಆಕಾಶಕ್ಕೆದ್ದ ಮರಗಳ ಗೋಡೆಯ ಮುಂದೆ ನಿಂತಿದ್ದಾನೆ. ಹಿಂದೆ ಮರದ ಬೊಡ್ಡೆಯ ಮೇಲೆ ಒಂದು ಕಾಗೆ. ಯುದ್ಧದ ಚಿತ್ರ, ಯುದ್ಧವೇ ಇಲ್ಲ.

ಗ್ರಿಮ್ ಸೋದರರ ಕಥಾಸಂಗ್ರಹದ ಮೊದಲ ಸಂಪುಟ ಬಂದದ್ದು 1812ರ ಕೊನೆಯಲ್ಲಿ, ಇದೇ ಬಿಸಿಯಲ್ಲಿ. ಕಾಡಿನಂಚಿನ ರೈತರ ಬಾಯಿಂದ ಕೇಳಿ ಬರೆದದ್ದೆಂದು ಲೋಕ ನಂಬಿತು. ಎಷ್ಟೋ ಕಥೆ ಹೇಳಿದವರು ಕಾಸೆಲ್ ಪಟ್ಟಣದ ಓದುಬರಹ ಬಲ್ಲ ಮನೆಗಳ ಹೆಣ್ಣುಮಕ್ಕಳು, ಅವರಲ್ಲಿ ಕೆಲವರ ಹಿರಿಯರು ಫ್ರಾನ್ಸಿನಿಂದ ವಲಸೆ ಬಂದವರು. ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಕಥೆಯ ಮೊದಲ ಅಚ್ಚಿನಲ್ಲಿ ಮಕ್ಕಳನ್ನು ಕಾಡಿಗೆ ಬಿಟ್ಟು ಬರೋಣ ಎನ್ನುವವಳು ಹೆತ್ತ ತಾಯಿ. 1840ರ ಅಚ್ಚಿನ ಹೊತ್ತಿಗೆ ಅವಳನ್ನು ಮಲತಾಯಿ ಮಾಡಿದರು. ಹೆತ್ತವಳು ಹಾಗೆ ಮಾಡಿಯಾಳೇ ಎಂಬ ಮಾನ ಕಾಯಲು.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಆ ಮಕ್ಕಳ ಅಪ್ಪ ಮರ ಕಡಿಯುವವನು, ಮನೆ ಇರುವುದು ದೊಡ್ಡ ಕಾಡಿನ ಅಂಚಿನಲ್ಲೇ. ಕಾಡಿನ ಬಾಗಿಲಲ್ಲಿ ಕೂತವನ ಮನೆಯಲ್ಲಿ ಅಷ್ಟೊಂದು ಹಸಿವು ಯಾಕೆ? ಕಥೆ ಬರಗಾಲ ಎನ್ನುತ್ತದೆ. 1842ರ ಒಂದು ಪತ್ರಿಕಾ ಲೇಖನಮಾಲೆ ಇನ್ನೊಂದು ಉತ್ತರ ಕೊಡುತ್ತದೆ. ರೈನ್ ಪ್ರಾಂತ್ಯದ ಸಭೆ, ಕಾಡಿನಲ್ಲಿ ಉದುರಿದ ಒಣಪುಳ್ಳೆ ಆಯುವುದನ್ನೂ ಕಳ್ಳತನ ಎಂದು ಕಾನೂನು ಮಾಡಲು ಹೊರಟಿತ್ತು. ಬಡವರು ತಲೆತಲಾಂತರದಿಂದ ಆಯ್ದುಕೊಳ್ಳುತ್ತಿದ್ದ ಪುಳ್ಳೆ ಅದು. ಅದನ್ನು ಸಿಟ್ಟಿನಿಂದ ಟೀಕಿಸಿ ಬರೆದ ಇಪ್ಪತ್ತನಾಲ್ಕರ ಸಂಪಾದಕನ ಹೆಸರು ಕಾರ್ಲ್ ಮಾರ್ಕ್ಸ್. ಅರ್ಥಶಾಸ್ತ್ರದ ಪ್ರಶ್ನೆಗಳತ್ತ ತಾನು ಮೊದಲು ತಿರುಗಿದ್ದು ಈ ಸೌದೆ ಕಳ್ಳತನದ ಚರ್ಚೆಯಿಂದ ಎಂದು ಅವನೇ ಮುಂದೆ ಬರೆದ. ಪುಸ್ತಕದಲ್ಲಿ ಕಾಡು ದಟ್ಟವಾಗಿ, ಮಾಟಗಾತಿಯರೂ ತೋಳಗಳೂ ತುಂಬಿಕೊಳ್ಳುತ್ತಿದ್ದ ಕಾಲದಲ್ಲೇ ನೆಲದ ಮೇಲಿನ ಜರ್ಮನ್ ಕಾಡು, ಅಳೆದು ಎಣಿಸಿ ಸಾಲು ಹಿಡಿದು ನೆಟ್ಟ ಸ್ಪ್ರೂಸ್ ತೋಟವಾಗುತ್ತಿತ್ತು. ಅದಕ್ಕೊಂದು ಶಾಸ್ತ್ರ ಹುಟ್ಟಿತು, ಶಾಸ್ತ್ರ ಕಲಿತ ಅಧಿಕಾರಿಗಳು ಹುಟ್ಟಿದರು.

ಆ ರೈನ್ ಸೀಮೆಯ ಬಾನ್ ನಗರದಲ್ಲಿ 1824ರಲ್ಲಿ ಹುಟ್ಟಿದವರು ಡೀಟ್ರಿಕ್ ಬ್ರಾಂಡಿಸ್. ಸಸ್ಯಶಾಸ್ತ್ರ ಬಲ್ಲ ಈ ಜರ್ಮನರನ್ನು ಬ್ರಿಟಿಷರು ಬರ್ಮಾದ ತೇಗದ ಕಾಡಿಗೆ ಕರೆಸಿ, 1864ರಲ್ಲಿ ಇಡೀ ಭಾರತದ ಅರಣ್ಯಗಳ ಮೊದಲ ಇನ್‌ಸ್ಪೆಕ್ಟರ್ ಜನರಲ್ ಮಾಡಿದರು. ಅವರ ನಂತರ ಆ ಕುರ್ಚಿಯಲ್ಲಿ ಕೂತ ಶ್ಲಿಕ್, ರಿಬೆನ್‌ಟ್ರಾಪ್ ಕೂಡ ಜರ್ಮನರೇ. 1865ರಲ್ಲಿ ಮೊದಲ ಅರಣ್ಯ ಕಾಯ್ದೆ ಬಂತು, 1878ರಲ್ಲಿ ಇನ್ನೂ ಬಿಗಿಯಾದದ್ದು. ಹಳ್ಳಿಗರಿಗೂ ಕಾಡಿನಲ್ಲಿ ಪಾಲಿರಬೇಕು ಎಂದು ಬ್ರಾಂಡಿಸ್ ವಾದಿಸಿದ್ದರು, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಗೆದ್ದದ್ದು ಅವರ ವಾದವಲ್ಲ. 'ರಿಸರ್ವ್ಡ್ ಫಾರೆಸ್ಟ್' ಎಂಬ ಮಾತು ಹೀಗೆ ನಮ್ಮ ಬೆಟ್ಟಗಳಿಗೆ ಬಂತು, ನಾರ್ಮನ್ ದೊರೆಯ ಅರ್ಥವನ್ನು ಬೆನ್ನಿಗೆ ಕಟ್ಟಿಕೊಂಡು.

ಮಲೆನಾಡಿನ ಜನ ಆ ಅರ್ಥವನ್ನು ಒಂದಿಷ್ಟೂ ಕೆಡಿಸದೆ ಉಳಿಸಿಕೊಂಡಿದ್ದಾರೆ. ಅಣಬೆಗೆ ಹೋಗುವುದು ಕಾಡಿಗೆ, ಉಪ್ಪಾಗೆಗೆ ಹೋಗುವುದು ಕಾನಿಗೆ, ಸೊಪ್ಪಿಗೆ ಹೋಗುವುದು ಬೆಟ್ಟಕ್ಕೆ. ಬಂದು ಕತ್ತಿ ಕಸಿದುಕೊಂಡು ಹೋಗುವವರು ಫಾರೆಸ್ಟಿನವರು. ಒಂದೇ ಒಂದು ಮರ ಇಲ್ಲದ ಬೋಳುಗುಡ್ಡವೂ ಪಹಣಿಯಲ್ಲಿ ಹಾಗೆ ಬರೆದಿದ್ದರೆ ಫಾರೆಸ್ಟೇ. ಲ್ಯಾಟಿನ್ ಬಾರದ ಆ ಹುಡುಗ ಶಬ್ದವನ್ನು ಸರಿಯಾಗಿ ಬಳಸಿದ್ದ. ಲ್ಯಾಟಿನ್ ಧಾತು ಬಾಯಿಪಾಠ ಮಾಡಿದ್ದ ನಾನು ನಕ್ಕಿದ್ದೆ.

ಈಗ ಅವನು ಎಲ್ಲಿದ್ದಾನೋ, ಈ ಹೊತ್ತಿನಲ್ಲಿ ರೇಡಿಯೋ ಹಚ್ಚಿದ್ದಾನೋ ಇಲ್ಲವೋ. ಹಚ್ಚಿದ್ದರೆ ಕೇಳಿಕೋ ತಮ್ಮಾ: ಆ ಕಾಡು ಫಾರೆಸ್ಟ್ ಅಲ್ಲ, ಹಿಡುವಳಿ. ಒಡೆಯ ಆ ಸಂಜೆ ಊರಿನೊಳಗಿದ್ದ.